ಲಿನಕ್ಸ್: ಅರ್ಧಕ್ಕೆ ನಿಂತ ನವೀಕರಣದ ಇತಿಹಾಸ

ಡೆಬಿಯನ್ ಅಥವಾ ಉಬುಂಟು ಇರುವ ಗಣಕಯಂತ್ರದಲ್ಲಿ ತಂತ್ರಾಂಶಗಳ ನವೀಕರಣ ನಡೆಯುತ್ತಿದೆ. ಅಷ್ಟರಲ್ಲಿ ಕರೆಂಟು ಹೋಯಿತು ಎನ್ನಿ. ಮತ್ತೆ ಪ್ರಯತ್ನಿಸಿದಾಗ ‘ಡಿಪಿಕೆಜಿ ನಡುವೆಯೇ ನಿಂತಿದೆ’ ಎಂಬರ್ಥದ ಸಂದೇಶ ಪರದೆಯ ಮೇಲೆ ಬರುತ್ತದೆ. ‘ಡಿಪಿಕೆಜಿ --ಕಾನ್ಫಿಗರ್ -ಎ’ ಎಂಬ ಪರಿಹಾರದ ಆದೇಶವೂ ಅದರಲ್ಲೇ ಇರುತ್ತದೆ. ಇದನ್ನು ಓದದೆ, ಗಾಬರಿಯಿಂದ ಇಡೀ ವ್ಯವಸ್ಥೆಯನ್ನು ಅಳಿಸಿ ಮರುಸ್ಥಾಪಿಸುವವರಿದ್ದಾರೆ. ಸಾಮಾನ್ಯವಾಗಿ ಅದರ ಅಗತ್ಯವಿರುವುದಿಲ್ಲ. ಕೆಲಸ ಎಲ್ಲಿಗೆ ನಿಂತಿತೆಂಬುದು ಯಂತ್ರಕ್ಕೆ ಗೊತ್ತಿರುತ್ತದೆ. ಅದು ಹೇಗೆ?

ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನೆಲ್ ಅನ್ನು ಬಿಡುಗಡೆ ಮಾಡಿದ್ದು 1991ರಲ್ಲಿ. ಆರಂಭದ ದಿನಗಳಲ್ಲಿ ತಂತ್ರಾಂಶವೆಂದರೆ ಕಡತಗಳ ಒಂದು ಗಂಟು. ಬಿಚ್ಚಿ ಹರಡಿದ ಮೇಲೆ ಯಾವ ಕಡತ ಯಾವ ಗಂಟಿನದೆಂದು ಹೇಳುವುದೇ ಕಷ್ಟವಾಗುತ್ತಿತ್ತು. 1993ರ ಆಗಸ್ಟಿನಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿ ಇಯಾನ್ ಮರ್ಡಾಕ್ ಡೆಬಿಯನ್ ಯೋಜನೆಯನ್ನು ಘೋಷಿಸಿದರು. ಅದರ ಪ್ಯಾಕೇಜುಗಳನ್ನು ನೋಡಿಕೊಳ್ಳುವ ಡಿಪಿಕೆಜಿಯನ್ನು ಮುಂದೆ ಸಿ ಭಾಷೆಯಲ್ಲಿ ಹೊಸದಾಗಿ ಬರೆದವರು ಇಯಾನ್ ಜಾಕ್ಸನ್. ಹೆಸರು ಒಂದೇ, ವ್ಯಕ್ತಿ ಬೇರೆ.

ಡಿಪಿಕೆಜಿ ಕೆಲಸವನ್ನು ಎರಡಾಗಿ ಒಡೆಯುತ್ತದೆ: ಮೊದಲು ಕಡತಗಳನ್ನು ಬಿಚ್ಚಿಡುವುದು, ಆಮೇಲೆ ಅವನ್ನು ವ್ಯವಸ್ಥೆಗೆ ಹೊಂದಿಸುವುದು. ಪ್ರತಿ ಪ್ಯಾಕೇಜಿನ ಸ್ಥಿತಿಯನ್ನೂ ‘ಸ್ಟೇಟಸ್’ ಎಂಬ ಕಡತದಲ್ಲಿ ಬರೆದಿಡುತ್ತದೆ. ಅರ್ಧ ಸ್ಥಾಪಿತ, ಬಿಚ್ಚಿದೆ, ಅರ್ಧ ಹೊಂದಿಸಿದೆ, ಸ್ಥಾಪಿತ – ಹೀಗೆ. ಪ್ರಯೋಗಶಾಲೆಯ ದಾಖಲೆ ಪುಸ್ತಕವನ್ನು ಆಗಿಂದಾಗ್ಗೆ ಬರೆಯಿರಿ ಎಂದು ನೀವು ವಿದ್ಯಾರ್ಥಿಗಳಿಗೆ ಹೇಳುತ್ತೀರಲ್ಲ, ಅದೇ ಶಿಸ್ತು. ಮೇಲೆ ಹೇಳಿದ ಆದೇಶ ಈ ದಾಖಲೆಯನ್ನು ಓದಿ, ಬಿಚ್ಚಿಟ್ಟು ಹೊಂದಿಸದೆ ಉಳಿದವನ್ನು ಮುಗಿಸುತ್ತದೆ.

ದಾಖಲೆಯೊಂದೇ ಸಾಲದು, ಕ್ರಮವೂ ಸರಿಯಿರಬೇಕು ಎಂಬುದು 1998ರ ಜುಲೈಯಲ್ಲಿ ಬಂದ ಡೆಬಿಯನ್ 2.0ರ ಹೊತ್ತಿಗೆ ಸ್ಪಷ್ಟವಾಯಿತು. ಬಹುಪಾಲು ತಂತ್ರಾಂಶಗಳಿಗೆ ಆಧಾರವಾದ ಸಿ ಗ್ರಂಥಾಲಯವನ್ನೇ ಆಗ ‘ಲಿಬ್‌ಸಿ5’ರಿಂದ ‘ಲಿಬ್‌ಸಿ6’ಕ್ಕೆ ಬದಲಿಸಲಾಯಿತು. ಎರಡೂ ಒಂದೇ ಡಿಸ್ಕಿನಲ್ಲಿ ಇರಬಲ್ಲವು; ಆದರೆ ಒಂದೇ ತಂತ್ರಾಂಶ ಎರಡನ್ನೂ ಒಟ್ಟಿಗೆ ಬಳಸಹೊರಟರೆ ಕುಸಿಯುವ ಅಪಾಯವಿತ್ತು. ‘ಬ್ಯಾಶ್’ ಎಂಬ ಶೆಲ್ ಅನ್ನು ನೋಡಿ. ಅದಕ್ಕೆ ‘ರೀಡ್‌ಲೈನ್’ ಎಂಬ ಇನ್ನೊಂದು ಗ್ರಂಥಾಲಯ ಬೇಕು. ಹಳೆಯ ಬ್ಯಾಶ್ ಹಾಗೇ ಉಳಿದು, ಕೆಳಗಿನ ರೀಡ್‌ಲೈನ್ ಮಾತ್ರ ಹೊಸದಾದರೆ ಬ್ಯಾಶ್ ಏಳುವುದಿಲ್ಲ. ಪ್ಯಾಕೇಜುಗಳನ್ನು ಹೊಂದಿಸುವ ಸ್ಕ್ರಿಪ್ಟುಗಳು ನಡೆಯುವುದು ಶೆಲ್‌ನಿಂದಲೇ! ದುರಸ್ತಿ ಮಾಡುವ ಕೈಯೇ ಮುರಿದಂತೆ.

ಆದ್ದರಿಂದ ಹಳೆಯ ಗ್ರಂಥಾಲಯಗಳಿಗೆ ಬೇರೆ ಕೋಶ ಕೊಟ್ಟು, ಲಿಬ್‌ಸಿ6ರ ಗ್ರಂಥಾಲಯ ಪ್ಯಾಕೇಜುಗಳ ಹೆಸರಿನ ಕೊನೆಗೆ ‘ಜಿ’ ಅಕ್ಷರ ಸೇರಿಸಿದರು. ಯಾವುದರ ನಂತರ ಯಾವುದು ಎಂಬುದನ್ನು ‘ಆಟೋಅಪ್’ ಎಂಬ ಸ್ಕ್ರಿಪ್ಟ್ ನೋಡಿಕೊಂಡಿತು. ಆ ‘ಜಿ’ ಇನ್ನೂ ಹೋಗಿಲ್ಲ. ನಿಮ್ಮ ಯಂತ್ರದಲ್ಲಿ ‘ಝಡ್‌ಲಿಬ್1ಜಿ’ ಎಂಬ ಪ್ಯಾಕೇಜನ್ನು ಹುಡುಕಿ ನೋಡಿ.

ಪ್ರತಿ ಸಲವೂ ಹೀಗೆ ಕೈಯಾರೆ ಕ್ರಮ ಬರೆಯಲಾದೀತೆ? 1999ರ ಮಾರ್ಚಿನಲ್ಲಿ ಡೆಬಿಯನ್ 2.1ರೊಂದಿಗೆ ಬಂದ ‘ಆಪ್ಟ್’, ಅವಲಂಬನೆಗಳನ್ನು ಮೊದಲೇ ಲೆಕ್ಕಹಾಕಿ ಕ್ರಮವನ್ನು ತಾನೇ ನಿರ್ಧರಿಸಿತು. ಅವಲಂಬನೆ ಮುರಿದಿದ್ದರೆ ‘ಆಪ್ಟ್-ಗೆಟ್ -ಎಫ್ ಇನ್‌ಸ್ಟಾಲ್’ ಎಂದರೆ ಸರಿಪಡಿಸುವ ದಾರಿ ಹುಡುಕುತ್ತದೆ. ಒಂದು ಎಚ್ಚರಿಕೆ: ಕೆಲವೊಮ್ಮೆ ಅದು ಕಂಡುಕೊಳ್ಳುವ ದಾರಿಯೆಂದರೆ ನಿಮಗೆ ಬೇಕಾದ ಪ್ಯಾಕೇಜುಗಳನ್ನೇ ತೆಗೆದುಹಾಕುವುದು. ಪಟ್ಟಿಯನ್ನು ಓದದೆ ‘ವೈ’ ಒತ್ತಬೇಡಿ.

ದಾರಿ ಹುಡುಕುವುದು ಸುಲಭದ ಲೆಕ್ಕವೇನಲ್ಲ. 50 ಪ್ಯಾಕೇಜುಗಳಿಗೆ ಎರಡೆರಡು ಆವೃತ್ತಿಗಳಿದ್ದರೆ ಜೋಡಣೆಗಳು 2ರ ಘಾತ 50, ಅಂದರೆ ಸಾವಿರ ಲಕ್ಷ ಕೋಟಿಗೂ ಹೆಚ್ಚು. ‘ಇದು ಬೇಕು’, ‘ಇದರ ಜೊತೆ ಅದು ಕೂಡದು’ ಎಂಬ ನಿಯಮಗಳೆಲ್ಲ ಒಟ್ಟಿಗೆ ಈಡೇರುತ್ತವೆಯೇ ಎಂಬ ಪ್ರಶ್ನೆ ಎನ್‌ಪಿ-ಕಂಪ್ಲೀಟ್ ವರ್ಗದ್ದೆಂದು ಯುರೋಪಿನ ‘ಎಡೋಸ್’ ಯೋಜನೆಯ ಸಂಶೋಧಕರು 2006ರ ವೇಳೆಗೆ ತೋರಿಸಿದರು. 2008ರ ಓಪನ್‌ಸೂಸೆ 11.0ರಲ್ಲಿ ತರ್ಕಶಾಸ್ತ್ರದ ಇಂತಹ ಸಮಸ್ಯೆಗಳನ್ನು ಬಿಡಿಸುವ ‘ಸ್ಯಾಟ್’ ವಿಧಾನವನ್ನೇ ಅಳವಡಿಸಿದರು. ನಿಜವಾದ ಪ್ಯಾಕೇಜುಗಳ ಮಟ್ಟಿಗೆ ಅದು ಸಾಕಷ್ಟು ವೇಗವಾಗಿಯೇ ಉತ್ತರ ಕೊಡುತ್ತದೆ.

ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಏಲ್ಕೊ ಡೋಲ್‌ಸ್ಟ್ರಾ ಬೇರೆಯೇ ದಾರಿ ಹಿಡಿದರು. 2006ರ ಅವರ ಪಿಎಚ್.ಡಿ. ಪ್ರಬಂಧ ವಿವರಿಸುವ ‘ನಿಕ್ಸ್’ ಹಳೆಯ ಕಡತದ ಮೇಲೆ ಹೊಸದನ್ನು ಬರೆಯುವುದೇ ಇಲ್ಲ. ಪ್ರತಿ ಆವೃತ್ತಿಗೂ ಪ್ರತ್ಯೇಕ ಕೋಶವಿರುತ್ತದೆ. ಎಲ್ಲವೂ ಸಿದ್ಧವಾದ ಮೇಲಷ್ಟೇ ಒಂದು ಕೊಂಡಿಯನ್ನು ಹೊಸದರತ್ತ ತಿರುಗಿಸಲಾಗುತ್ತದೆ. ನಡುವೆ ಕರೆಂಟು ಹೋದರೆ ಕೊಂಡಿ ಹಳೆಯದನ್ನೇ ತೋರಿಸುತ್ತಿರುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಡಿಸ್ಕಿನ ಜಾಗ.