ಸಾವಯವ ರೈತ ಗುಂಪುಗಳ ಪ್ರಮಾಣೀಕರಣ: ದಸ್ತಾವೇಜು ನಿಯಂತ್ರಣ ವ್ಯವಸ್ಥೆಯನ್ನು ರೂಪಿಸುವ ವಿಧಾನ

ನವಲಗುಂದ ತಾಲ್ಲೂಕಿನ ಯಮನೂರು ಹಾಗೂ ಸುತ್ತಲಿನ ಎರೆ ಭೂಮಿಯಲ್ಲಿ ಹೆಸರು, ಕಡಲೆ, ಹತ್ತಿ, ಒಣಮೆಣಸಿನಕಾಯಿ ಬೆಳೆಯುವ ಸಣ್ಣ ರೈತರಿಗೆ ಒಬ್ಬೊಬ್ಬರಾಗಿ ಸಾವಯವ ಪ್ರಮಾಣಪತ್ರ ಪಡೆಯುವುದು ದುಬಾರಿಯಾಗುತ್ತದೆ. 2001ರಲ್ಲಿ ಆರಂಭವಾದ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದಡಿ 25ರಿಂದ 500 ಸದಸ್ಯರ ಗುಂಪಿಗೆ ಒಂದೇ ಪ್ರಮಾಣಪತ್ರ ಪಡೆಯಲು ಅವಕಾಶವಿದೆ. ಪ್ರಮಾಣಪತ್ರವು ಇಡೀ ಗುಂಪಿಗೆ ಸೇರಿದ್ದರಿಂದ ಒಬ್ಬ ಸದಸ್ಯರ ಲೋಪವೂ ಎಲ್ಲರ ಮಾರಾಟಕ್ಕೆ ಅಡ್ಡಿಯಾಗಬಹುದು. ಆದುದರಿಂದ ಗುಂಪಿನ ಆಂತರಿಕ ನಿಯಂತ್ರಣ ವ್ಯವಸ್ಥೆಗೆ ದಸ್ತಾವೇಜುಗಳ ನಿಯಂತ್ರಣವೇ ಅಡಿಪಾಯ.

ದಸ್ತಾವೇಜು ಮತ್ತು ದಾಖಲೆ

ಏನು ಮಾಡಬೇಕೆಂದು ತಿಳಿಸುವುದು ದಸ್ತಾವೇಜು. ಏನು ಮಾಡಲಾಯಿತೆಂದು ತೋರಿಸುವುದು ದಾಖಲೆ. ಗುಂಪಿನ ಕೈಪಿಡಿ, ಅನುಮತಿಸಿದ ಪರಿಕರಗಳ ಪಟ್ಟಿ ಹಾಗೂ ಖಾಲಿ ನಮೂನೆಗಳು ದಸ್ತಾವೇಜುಗಳು. ತುಂಬಿದ ಕೃಷಿ ದಿನಚರಿ, ಆಂತರಿಕ ತಪಾಸಣಾ ವರದಿ ಹಾಗೂ ಖರೀದಿ ರಸೀದಿಗಳು ದಾಖಲೆಗಳು. ದಸ್ತಾವೇಜನ್ನು ಕ್ರಮಬದ್ಧವಾಗಿ ಪರಿಷ್ಕರಿಸಬಹುದು. ದಾಖಲೆಯನ್ನು ತಿದ್ದಿ ಬರೆಯುವಂತಿಲ್ಲ. ಐಎಸ್ಒ 9001:2015 ಗುಣಮಟ್ಟ ಮಾನಕದ 7.5ನೆಯ ಕಲಂ ಇವೆರಡನ್ನೂ ‘ದಾಖಲಿತ ಮಾಹಿತಿ’ ಎಂದು ಒಟ್ಟಾಗಿ ಪರಿಗಣಿಸಿದರೂ ನಿರ್ವಹಣೆಯಲ್ಲಿ ಈ ಭೇದವನ್ನು ಪಾಲಿಸುವುದು ಸೂಕ್ತ.

ಅನುಸರಿಸಬೇಕಾದ ಕ್ರಮಗಳು

1. ಗುಂಪಿನ ಒಬ್ಬ ಸದಸ್ಯರನ್ನು ದಸ್ತಾವೇಜು ಪಾಲಕರನ್ನಾಗಿ ನೇಮಿಸಬೇಕು. ಸಿದ್ಧಪಡಿಸಿದವರೇ ಅನುಮೋದಿಸಬಾರದು.

2. ಪ್ರತಿ ದಸ್ತಾವೇಜಿನ ಮೇಲೆ ಸಂಖ್ಯೆ, ಆವೃತ್ತಿ, ಜಾರಿಯಾದ ದಿನಾಂಕ, ಅನುಮೋದಿಸಿದವರ ಸಹಿ ಇರಬೇಕು. ಉದಾಹರಣೆಗೆ: ನಮೂನೆ 04, ಆವೃತ್ತಿ 2.

3. ಎಲ್ಲ ದಸ್ತಾವೇಜುಗಳ ಹೆಸರು, ಚಾಲ್ತಿ ಆವೃತ್ತಿ ಹಾಗೂ ಪ್ರತಿ ಪಡೆದವರ ವಿವರವನ್ನು ಒಂದು ಮೂಲ ವಹಿಯಲ್ಲಿ ಬರೆಯಬೇಕು.

4. ಹೊಸ ಆವೃತ್ತಿಯನ್ನು ಸಹಿ ಪಡೆದು ವಿತರಿಸಬೇಕು. ಅದೇ ಸಮಯದಲ್ಲಿ ಹಳೆಯದನ್ನು ಹಿಂಪಡೆಯಬೇಕು. ಹಳೆಯದರ ಒಂದು ಪ್ರತಿಯನ್ನು ‘ರದ್ದು’ ಎಂದು ಗುರುತಿಸಿ ಕಡತದಲ್ಲಿರಿಸಿ ಉಳಿದವನ್ನು ನಾಶಪಡಿಸಬೇಕು.

5. ಪ್ರತಿ ಸದಸ್ಯರ ಕಡತದಲ್ಲಿ ಪಹಣಿ, ಹೊಲದ ನಕ್ಷೆ, ಒಪ್ಪಂದ ಪತ್ರ, ಕೃಷಿ ದಿನಚರಿ ಹಾಗೂ ವರ್ಷದ ಎರಡು ಆಂತರಿಕ ತಪಾಸಣೆಗಳ ವರದಿಗಳಿರಬೇಕು.

6. ದಾಖಲೆಯಲ್ಲಿ ತಪ್ಪಾದರೆ ಒಂದು ಗೆರೆ ಎಳೆದು, ಸರಿಯಾದುದನ್ನು ಪಕ್ಕದಲ್ಲಿ ಬರೆದು, ದಿನಾಂಕಸಹಿತ ಸಹಿ ಮಾಡಬೇಕು.

ನಾಲ್ಕನೆಯ ಕ್ರಮದ ಮಹತ್ವ

ಬಹುತೇಕ ಗುಂಪುಗಳು ಹೊಸ ಪಟ್ಟಿಯನ್ನು ಹಂಚುತ್ತವೆ, ಹಳೆಯದನ್ನು ಹಿಂಪಡೆಯುವುದಿಲ್ಲ. ಒಂದು ಸಸ್ಯ ಸಂರಕ್ಷಣಾ ಪರಿಕರವನ್ನು ಪಟ್ಟಿಯಿಂದ ಕೈಬಿಡಲಾಗಿದೆ ಎಂದು ಭಾವಿಸೋಣ. ಮನೆಯ ಗೋಡೆಗೆ ಹಳೆಯ ಪಟ್ಟಿಯನ್ನೇ ಅಂಟಿಸಿಕೊಂಡಿರುವ ರೈತರು ಅದನ್ನು ಪ್ರಾಮಾಣಿಕವಾಗಿಯೇ ಮೆಣಸಿನ ಬೆಳೆಗೆ ಸಿಂಪಡಿಸುತ್ತಾರೆ. ವಾರ್ಷಿಕ ಬೆಳೆಗಳಿಗೆ ಬಿತ್ತನೆಗೆ ಮೊದಲು ಕನಿಷ್ಠ ಎರಡು ವರ್ಷಗಳ ಪರಿವರ್ತನಾ ಅವಧಿ ಕಡ್ಡಾಯ. ನಿಷೇಧಿತ ಪರಿಕರ ಬಳಸಿದ ಹೊಲದಲ್ಲಿ ಈ ಅವಧಿಯನ್ನು ಪುನಃ ಆರಂಭಿಸಬೇಕಾಗಬಹುದು. ಆ ಹೊಲದ ಫಸಲು ಉಳಿದವರ ಫಸಲಿನೊಡನೆ ಬೆರೆತಿದ್ದರೆ ಇಡೀ ರಾಶಿಯನ್ನು ಸಾಮಾನ್ಯ ದರಕ್ಕೆ ಮಾರಬೇಕಾದೀತು.

ಸಂರಕ್ಷಣೆ

ಬೆಣ್ಣಿಹಳ್ಳದ ಪ್ರವಾಹಕ್ಕೆ ಒಳಗಾಗುವ ಗ್ರಾಮಗಳಲ್ಲಿ ಕಡತಗಳನ್ನು ನೆಲಮಟ್ಟದಿಂದ ಎತ್ತರದ ಕಪಾಟಿನಲ್ಲಿ ಇರಿಸಬೇಕು. ದಿನಚರಿಯ ಪುಟಗಳನ್ನು ಪ್ರತಿ ತಿಂಗಳು ಮೊಬೈಲ್‌ನಲ್ಲಿ ಚಿತ್ರೀಕರಿಸಿ ಮತ್ತೊಂದು ಸ್ಥಳದಲ್ಲಿ ಕಾಯ್ದಿರಿಸಬೇಕು. ದಾಖಲೆಗಳನ್ನು ಪ್ರಮಾಣೀಕರಣ ಸಂಸ್ಥೆಯು ಸೂಚಿಸಿದ ಅವಧಿಯವರೆಗೆ ಉಳಿಸಬೇಕು.

ಸೂಚನೆ: ಬಾಹ್ಯ ತಪಾಸಣೆಗೆ ಮುನ್ನ ಯಾವುದಾದರೂ ಐದು ಸದಸ್ಯರ ಮನೆಗೆ ಭೇಟಿ ನೀಡಿ, ಅವರಲ್ಲಿರುವ ಪರಿಕರಗಳ ಪಟ್ಟಿಯ ಆವೃತ್ತಿಯನ್ನು ಮೂಲ ವಹಿಯೊಂದಿಗೆ ತಾಳೆ ನೋಡಬೇಕು. ಒಂದು ಮನೆಯಲ್ಲಾದರೂ ಹಳೆಯ ಪ್ರತಿ ಕಂಡುಬಂದರೆ ಎಲ್ಲ ಸದಸ್ಯರ ಪ್ರತಿಗಳನ್ನೂ ಪರಿಶೀಲಿಸುವುದು ಅವಶ್ಯ.