ವೇಷವೂ ಬದುಕೂ: ಕುಂದಾಪುರ ಸೀಮೆಯ ಪ್ರೇಕ್ಷಕ ಪರಂಪರೆ ಮತ್ತು ಲಿಂಗತ್ವದ ಅನುವಾದಿತ ಕಥನಗಳು

ಉಡುಪಿ ಜಿಲ್ಲೆಯ ಉತ್ತರಭಾಗದ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ಪರಿಸರವು ಬಡಗುತಿಟ್ಟು ಯಕ್ಷಗಾನದ ತವರು. ಬೈಂದೂರು, ಬ್ರಹ್ಮಾವರಗಳು 2018ರಲ್ಲಿ ಪ್ರತ್ಯೇಕ ತಾಲೂಕುಗಳಾದವು; ಆದರೆ ಮೇಳಗಳ ತಿರುಗಾಟಕ್ಕೆ ಈ ಗಡಿಗಳು ಎಂದೂ ಅಡ್ಡಿಯಾದುದಿಲ್ಲ. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ ಮೊದಲಾದ ಕ್ಷೇತ್ರಗಳ ಹರಕೆಯಾಟಗಳನ್ನೂ ಸಾಲಿಗ್ರಾಮ, ಪೆರ್ಡೂರು ಮೇಳಗಳ ಡೇರೆಯಾಟಗಳನ್ನೂ ನೋಡುತ್ತ ಬೆಳೆದ ಇಲ್ಲಿಯ ಜನರಿಗೆ ಗಂಡಸು ಹೆಣ್ಣಿನ ವೇಷದಲ್ಲಿ ರಂಗಕ್ಕೆ ಬರುವುದು ಬೆರಗಿನ ಸಂಗತಿಯಲ್ಲ. ಇದನ್ನೇ ಆಧಾರವಾಗಿಟ್ಟುಕೊಂಡು, ಲಿಂಗಭೇದವನ್ನು ದಾಟಿದವರನ್ನು ಈ ಸೀಮೆ ಮೊದಲಿನಿಂದಲೂ ಸಹಜವಾಗಿ ಒಪ್ಪಿಕೊಂಡಿದೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಲಿಂಗತ್ವವನ್ನು ಕುರಿತ ಆತ್ಮಕಥನಗಳು ಅನುವಾದದ ಮೂಲಕ ಕನ್ನಡ ಓದುಗರನ್ನು ತಲುಪಿರುವ ಈ ಕಾಲದಲ್ಲಿ ಆ ಮಾತನ್ನು ಪರಿಶೀಲಿಸುವುದು ಅಗತ್ಯವಾಗಿದೆ.

ಸ್ತ್ರೀವೇಷದ ಪರಂಪರೆಯಲ್ಲಿ ವಯಸ್ಸಿಗೆ ವಿಶೇಷ ಸ್ಥಾನವಿತ್ತು. ಮೇಳ ಸೇರಿದ ಹುಡುಗನು ಕೋಡಂಗಿಯಾಗಿ ಕುಣಿದು, ಬಾಲಗೋಪಾಲನಾಗಿ, ಬಳಿಕ ಪೂರ್ವರಂಗದ ಪೀಠಿಕಾ ಸ್ತ್ರೀವೇಷವಾಗಿ ಹಂತಹಂತವಾಗಿ ಬೆಳೆಯಬೇಕಾಗಿತ್ತು. ಮೀಸೆ ಮೂಡುವ, ಕಂಠ ಒಡೆಯುವ ಹೊತ್ತಿಗೆ ಹೆಚ್ಚಿನವರು ಪುರುಷವೇಷಗಳತ್ತ ಸಾಗುತ್ತಿದ್ದರು. ಹೀಗೆ ಹೆಣ್ಣಾಗುವುದು ಬಹುಮಂದಿ ಕಲಾವಿದರ ಪಾಲಿಗೆ ಎಳೆಯ ಪ್ರಾಯದ ಒಂದು ಮೆಟ್ಟಿಲಾಗಿತ್ತು. ಕೆಲವರು ಮಾತ್ರ ಅದನ್ನೇ ಜೀವಮಾನದ ಸಾಧನೆಯಾಗಿ ಸ್ವೀಕರಿಸಿದರು. ಕೋಟ ವೈಕುಂಠ, ಅರಾಟೆ ಮಂಜುನಾಥ ಮೊದಲಾದವರ ಹೆಸರನ್ನು ಬಡಗಿನ ಪ್ರೇಕ್ಷಕರು ಸ್ತ್ರೀವೇಷದ ಜೊತೆಗೇ ನೆನೆಯುತ್ತಾರೆ. ಮಂಟಪ ಪ್ರಭಾಕರ ಉಪಾಧ್ಯರು ಶತಾವಧಾನಿ ರಾ. ಗಣೇಶರ ಸಹಯೋಗದಲ್ಲಿ ರೂಪಿಸಿದ ಏಕವ್ಯಕ್ತಿ ಪ್ರಯೋಗ 'ಭಾಮಿನಿ'ಯು ಅಷ್ಟನಾಯಿಕೆಯರ ಭಾವಗಳನ್ನು ಒಬ್ಬನೇ ನಟನ ದೇಹದಲ್ಲಿ ಕಾಣಿಸಿತು. ಹೆಣ್ಣಿನ ನಡೆ, ನೋಟ, ಲಜ್ಜೆ, ಕೋಪಗಳನ್ನು ಗಂಡಸಿನ ದೇಹವು ಎಷ್ಟು ಸಮರ್ಥವಾಗಿ ತಾಳಬಲ್ಲದು ಎಂಬುದನ್ನು ಅಳೆಯುವ ಸೂಕ್ಷ್ಮ ರಸಿಕತೆ ಈ ಪರಂಪರೆಯಿಂದ ಬೆಳೆಯಿತು.

ಆದರೆ ಈ ರಸಿಕತೆಗೆ ಒಂದು ಒಪ್ಪಂದದ ಚೌಕಟ್ಟಿತ್ತು. ಚೌಕಿಯಲ್ಲಿ ಬಣ್ಣ ಹಚ್ಚಿಕೊಂಡವನು ಬೆಳಗಾದೊಡನೆ ಬಣ್ಣ ತೆಗೆಯುತ್ತಾನೆ ಎಂಬ ಭರವಸೆಯೇ ಆ ಚೌಕಟ್ಟು. ಪ್ರೇಕ್ಷಕರ ಮೆಚ್ಚುಗೆ 'ಹೆಣ್ಣಿನಂತೆಯೇ ಇದ್ದ' ಎಂಬ ನುಡಿಯಲ್ಲಿ ನಿಲ್ಲುತ್ತದೆ. 'ಅಂತೆಯೇ' ಎಂಬ ಸಾದೃಶ್ಯವಾಚಕದಲ್ಲಿಯೇ ಒಪ್ಪಿಗೆಯೂ ಇದೆ, ಅದರ ಮಿತಿಯೂ ಇದೆ.

ಪ್ರಸಂಗಗಳ ಕಥಾವಸ್ತುವೂ ಇದೇ ಗ್ರಹಿಕೆಯನ್ನು ಪೋಷಿಸಿತು. ವಿರಾಟಪರ್ವದ ಬೃಹನ್ನಳೆಯ ಸ್ಥಿತಿಗೆ ಊರ್ವಶಿಯ ಶಾಪ ಕಾರಣ. ಅದಕ್ಕೆ ಒಂದು ವರ್ಷದ ಅವಧಿಯೂ ಉಂಟು. ಉತ್ತರನ ರಥವೇರಿದ ಬೃಹನ್ನಳೆಯು ಅರ್ಜುನನಾಗಿ ಪ್ರಕಟವಾಗುವ ಗಳಿಗೆಗಾಗಿ ಪ್ರೇಕ್ಷಕರು ಕಾದಿರುತ್ತಾರೆ. ಅಂಬೆಯು ಶಿಖಂಡಿಯಾಗಿ ಹುಟ್ಟಿಬರುವುದು ತಪಸ್ಸಿನಿಂದ ಪಡೆದ ವರದ ಫಲ. ಭಸ್ಮಾಸುರನ ಮುಂದೆ ವಿಷ್ಣುವು ಮೋಹಿನಿಯಾಗುವುದು ಕಾರ್ಯಸಾಧನೆಗಾಗಿ ತಾಳಿದ ವೇಷ. ಶಾಪ, ವರ, ವೇಷ ಎಂಬ ಈ ಮೂರು ಕಾರಣಗಳಿಂದ ಲಿಂಗದ ಪಲ್ಲಟವನ್ನು ಅರ್ಥಮಾಡಿಕೊಳ್ಳುವ ರೂಢಿ ಬಯಲಾಟದ ಪ್ರೇಕ್ಷಕರಲ್ಲಿ ಬೇರೂರಿತು. ಈ ಮೂರರಲ್ಲಿಯೂ ಪಲ್ಲಟಕ್ಕೆ ಹೊರಗಿನ ಒಂದು ಹೇತುವಿದೆ, ಕಥೆಯೊಳಗೆ ಒಂದು ಪ್ರಯೋಜನವೂ ಇದೆ. ಯಾವ ಶಾಪವೂ ಇಲ್ಲದೆ, ಯಾವ ಕಾರ್ಯಸಾಧನೆಯೂ ಇಲ್ಲದೆ, ಬಾಲ್ಯದಲ್ಲಿಯೇ ತನ್ನನ್ನು ತಾನು ಬೇರೆಯಾಗಿ ಅರಿತುಕೊಳ್ಳುವ ಮಗುವಿಗೆ ಈ ವಿವರಣೆಯಲ್ಲಿ ಎಡೆಯಿಲ್ಲ.

ಅಂತಹ ಮಗುವಿನ ಕಥೆ ಕನ್ನಡಕ್ಕೆ ತಮಿಳುನಾಡಿನಿಂದ ಬಂದಿತು. ಇಂದಿನ ನಾಮಕ್ಕಲ್ ಜಿಲ್ಲೆಯ ಹಳ್ಳಿಯೊಂದರಲ್ಲಿ ಗಂಡುಮಗುವಾಗಿ ಬೆಳೆಸಲ್ಪಟ್ಟು, ಮುಂದೆ ಬೆಂಗಳೂರಿನ ಸಂಗಮ ಸಂಸ್ಥೆಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳಿಗಾಗಿ ದುಡಿದ ಎ. ರೇವತಿಯವರ ಆತ್ಮಕಥೆಯನ್ನು ವಿ. ಗೀತಾ ಅವರು ತಮಿಳಿನಿಂದ ಇಂಗ್ಲಿಷಿಗೆ ತಂದರು. ಆ ಅನುವಾದ 2010ರಲ್ಲಿ ಪ್ರಕಟವಾಯಿತು. ದು. ಸರಸ್ವತಿಯವರು ಅದನ್ನು 'ಬದುಕು ಬಯಲು' ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು. ಘಟ್ಟದ ಮೇಲಣ ಹೆಗ್ಗೋಡಿನ ಜನಮನದಾಟ ತಂಡವು ಎಂ. ಗಣೇಶರ ನಿರ್ದೇಶನದಲ್ಲಿ ಅದನ್ನು ನಾಟಕವಾಗಿಸಿ ಕರ್ನಾಟಕದ ಹಲವು ಊರುಗಳಲ್ಲಿ ಪ್ರದರ್ಶಿಸಿತು. ಹೀಗೆ ಪುಸ್ತಕದ ಓದುಗರ ಜೊತೆಗೆ ರಂಗದ ಪ್ರೇಕ್ಷಕರೂ ಈ ಕಥನಕ್ಕೆ ದೊರೆತರು.

ಬಯಲಾಟದ ನೆಲದ ಓದುಗರಿಗೆ ಈ ಕೃತಿಯ ಆರಂಭಭಾಗದ ಒಂದು ಪ್ರಸಂಗ ತೀರ ಪರಿಚಿತವೆನಿಸದೆ ಇರದು. ಊರಿನ ಮಾರಿಯಮ್ಮನ ಜಾತ್ರೆಯಲ್ಲಿ ಹುಡುಗನು ಹೆಣ್ಣಿನ ವೇಷ ಧರಿಸಿ ಕುಣಿಯುತ್ತಾನೆ. ನೋಡಿದವರು ನಿಜವಾದ ಹೆಣ್ಣೆಂದೇ ಹೊಗಳುತ್ತಾರೆ. ಊರವರ ಕಣ್ಣಿಗೆ ಅದು ವೇಷ. ಕುಣಿಯುವ ಮಗುವಿಗಾದರೋ ಅದು ತನ್ನ ನಿಜರೂಪ ಹೊರಬಂದ ಗಳಿಗೆ. ದಿನವೂ ತೊಡುವ ಹುಡುಗನ ಉಡುಪೇ ವೇಷ. ಜಾತ್ರೆಯಲ್ಲಿ ಹೊಗಳಿಕೆ ಪಡೆದ ಅದೇ ನಡೆನುಡಿಗೆ ಮನೆಯಲ್ಲಿ ಅಣ್ಣಂದಿರ ಹೊಡೆತ ಬೀಳುತ್ತದೆ. ರಂಗದ ಮನ್ನಣೆ ಮತ್ತು ಬದುಕಿನ ಮನ್ನಣೆ ಒಂದೇ ಅಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ. ಸ್ತ್ರೀವೇಷದ ಪರಂಪರೆಯನ್ನು ಸಹನೆಯ ಸಾಕ್ಷ್ಯವಾಗಿ ಮುಂದಿಡುವವರು ಈ ಅಂತರವನ್ನು ಗಮನಿಸಬೇಕಾಗಿದೆ.

ಇದೇ ವಸ್ತು ದೂರದ ಜಪಾನಿನ ಚಿತ್ರಕಥನದಲ್ಲಿಯೂ ಕಾಣಿಸಿಕೊಂಡಿದೆ. ಶಿಮುರಾ ತಕಾಕೊ ಅವರ 'ಹೋರೋ ಮುಸುಕೊ' ಎಂಬ ಮಾಂಗಾ 2002ರಿಂದ 2013ರವರೆಗೆ ಧಾರಾವಾಹಿಯಾಗಿ ಬಂದು 15 ಸಂಪುಟಗಳಾಯಿತು. ಹುಡುಗಿಯಾಗಬಯಸುವ ನಿತೋರಿ ಶುಇಚಿ, ಹುಡುಗನಾಗಬಯಸುವ ತಕಾತ್ಸುಕಿ ಯೋಶಿನೊ ಎಂಬ ಇಬ್ಬರು ಶಾಲಾಮಕ್ಕಳು ಪ್ರಾಯಕ್ಕೆ ಬರುವ ಕಥೆ ಅದು. ಅಲ್ಲಿಯೂ ಗಂಡುಮಕ್ಕಳು ಹೆಣ್ಣಿನ ಪಾತ್ರವನ್ನು, ಹೆಣ್ಣುಮಕ್ಕಳು ಗಂಡಿನ ಪಾತ್ರವನ್ನು ವಹಿಸುವ ಶಾಲಾನಾಟಕ ಮುಖ್ಯ ಘಟನೆಯಾಗಿದೆ. ಸಹಪಾಠಿಗಳಿಗೆ ವಿನೋದವಾದದ್ದು ಈ ಇಬ್ಬರಿಗೆ ಗಂಭೀರ ಸಂಗತಿ. ಕಬುಕಿಯ ಒನ್ನಗಾತ ನಟರನ್ನೂ, 1914ರಿಂದ ಹೆಣ್ಣುಮಕ್ಕಳೇ ಎಲ್ಲ ಪಾತ್ರಗಳನ್ನೂ ವಹಿಸುತ್ತ ಬಂದ ತಕರಾಜುಕಾ ರಂಗಪ್ರದರ್ಶನಗಳನ್ನೂ ಕಂಡ ನಾಡಿನಲ್ಲಿಯೂ ರಂಗದ ಒಪ್ಪಿಗೆ ತರಗತಿಯ ಕೋಣೆಗೆ ತಾನಾಗಿ ಬರಲಿಲ್ಲ ಎಂಬುದನ್ನು ಕೃತಿಯು ತೋರಿಸುತ್ತದೆ. 2011ರಿಂದ ಇದರ 8 ಸಂಪುಟಗಳು ಇಂಗ್ಲಿಷಿನಲ್ಲಿ ಬಂದವು. ಅನುವಾದಿಸಿದ ರೇಚೆಲ್ ಥಾರ್ನ್ ಅವರು 'ಕುನ್', 'ಸಾನ್', 'ಚಾನ್' ಎಂಬ ಜಪಾನೀ ಸಂಬೋಧನೆಗಳನ್ನು ಹಾಗೆಯೇ ಉಳಿಸಿ, ಅವುಗಳ ಬಳಕೆಯನ್ನು ಕುರಿತು ವಿವರಣೆಯನ್ನೂ ಕೊಟ್ಟರು. ಒಬ್ಬರನ್ನು ಹೇಗೆ ಕರೆಯುತ್ತಾರೆ ಎಂಬುದರಲ್ಲಿಯೇ ಅವರನ್ನು ಯಾರೆಂದು ಎಣಿಸುತ್ತಾರೆ ಎಂಬುದೂ ಅಡಗಿದೆ. ಆದುದರಿಂದ ಈ ವಿವರಣೆ ಕಥೆಯ ತಿರುಳಿಗೇ ಸಂಬಂಧಪಟ್ಟದ್ದಾಗಿತ್ತು.

ಕನ್ನಡದಲ್ಲಿ ಈ ಸಮಸ್ಯೆ ಕ್ರಿಯಾಪದದಲ್ಲಿ ತಲೆದೋರುತ್ತದೆ. ಉತ್ತಮಪುರುಷದಲ್ಲಿ ಲಿಂಗಭೇದವಿಲ್ಲ. 'ನಾನು ಬಂದೆನು' ಎಂಬ ವಾಕ್ಯವನ್ನು ಗಂಡೂ ಹೆಣ್ಣೂ ಇನ್ನಾರೂ ಆಡಬಹುದು. ಆದುದರಿಂದ ಆತ್ಮಕಥೆಯನ್ನು ಓದುತ್ತಿರುವಷ್ಟು ಕಾಲ ಓದುಗನು ನಿರೂಪಕರ ಲಿಂಗವನ್ನು ವ್ಯಾಕರಣದ ಮೂಲಕ ನಿರ್ಧರಿಸಬೇಕಾಗಿಲ್ಲ. ಪುಸ್ತಕವನ್ನು ಮುಚ್ಚಿಟ್ಟು ಆ ಕುರಿತು ಮಾತನಾಡತೊಡಗಿದೊಡನೆ ಆಯ್ಕೆ ಅನಿವಾರ್ಯವಾಗುತ್ತದೆ. 'ಓಡಿಹೋದನು' ಎನ್ನಬೇಕೋ, 'ಓಡಿಹೋದಳು' ಎನ್ನಬೇಕೋ, 'ಓಡಿಹೋದರು' ಎನ್ನಬೇಕೋ? ಓದುಗರ ಪ್ರತಿಕ್ರಿಯೆಯನ್ನು ತಿಳಿಯಲು ಅವರ ಮೆಚ್ಚುಗೆಯ ಮಾತುಗಳಿಗಿಂತ ಈ ಆಯ್ಕೆಯೇ ಹೆಚ್ಚು ವಿಶ್ವಾಸಾರ್ಹ ಆಕರ. ಕಣ್ಣೀರು ಮಿಡಿದೆನೆನ್ನುತ್ತಲೇ 'ಅವನು' ಎನ್ನುವವನು ಕಥೆಯನ್ನು ಕರುಣೆಯಿಂದ ಸ್ವೀಕರಿಸಿದ್ದಾನೆ, ವ್ಯಕ್ತಿಯ ಮಾತನ್ನು ಇನ್ನೂ ಒಪ್ಪಿಲ್ಲ.

ಕುಂದಗನ್ನಡದಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಮನೆಯ ಹೆಣ್ಣುಮಕ್ಕಳ ಕುರಿತು 'ಅಕ್ಕ ಬಂತ್' ಎಂದು ನಪುಂಸಕಲಿಂಗದ ಕ್ರಿಯಾಪದವನ್ನು ಬಳಸುವ ರೂಢಿ ಈ ಸೀಮೆಯಲ್ಲಿದೆ. ಅದರಲ್ಲಿ ಸಲುಗೆಯಿದೆ, ಅವಮಾನವಿಲ್ಲ. ಆದರೆ ಲಿಂಗತ್ವ ಅಲ್ಪಸಂಖ್ಯಾತರನ್ನು ಕುರಿತು 'ಅದು' ಎಂದಾಗ ಅದೇ ಪ್ರತ್ಯಯ ವ್ಯಕ್ತಿಯನ್ನು ವಸ್ತುವಿನ ಮಟ್ಟಕ್ಕೆ ಇಳಿಸುತ್ತದೆ. ವ್ಯಾಕರಣದ ರೂಪ ಒಂದೇ ಆದರೂ ಅದರ ಹಿಂದಿನ ಸಂಬಂಧ ಬೇರೆ. ಅಕ್ಕನಿಗೆ ಮನೆಯಲ್ಲಿ ಸ್ಥಾನವಿದೆ. ಇನ್ನೊಬ್ಬರಿಗೆ ಆ ಸ್ಥಾನವನ್ನೇ ನಿರಾಕರಿಸಲಾಗಿದೆ.

ಈ ಓದು ನಡೆದ ಕಾಲಾವಧಿಯಲ್ಲಿ ಸಾರ್ವಜನಿಕ ಪರಿಭಾಷೆಯೂ ಬದಲಾಯಿತು. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ನಾಲ್ಸಾ ಪ್ರಕರಣದ ತೀರ್ಪಿನಲ್ಲಿ ತಮ್ಮ ಲಿಂಗತ್ವವನ್ನು ತಾವೇ ಗುರುತಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. ಕರ್ನಾಟಕ ಸರಕಾರ 2017ರಲ್ಲಿ ಈ ಸಮುದಾಯಕ್ಕಾಗಿ ನೀತಿಯೊಂದನ್ನು ರೂಪಿಸಿತು. 2021ರಲ್ಲಿ ಸರಕಾರಿ ನೇಮಕಾತಿಯಲ್ಲಿ ಶೇ. 1ರ ಮೀಸಲಾತಿಯನ್ನು ನೀಡಿತು. ಜೋಗತಿ ಕಲಾಪರಂಪರೆಯ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪುರಸ್ಕೃತರಾದರು. ಇಲ್ಲಿ ಕಲೆಯ ಮನ್ನಣೆಯೂ ವ್ಯಕ್ತಿಯ ಮನ್ನಣೆಯೂ ಒಟ್ಟಿಗೆ ಸಂದವು. ಸ್ತ್ರೀವೇಷದ ಮನ್ನಣೆಗೂ ಇದಕ್ಕೂ ಇರುವ ವ್ಯತ್ಯಾಸ ಇದೇ: ಆಟ ಮುಗಿದ ಮೇಲೆ ಬಣ್ಣ ತೆಗೆಯಬೇಕೆಂಬ ಷರತ್ತು ಇಲ್ಲಿರಲಿಲ್ಲ.

ಈ ಹಿನ್ನೆಲೆಯಲ್ಲಿ ಸಂಶೋಧಕರ ಮುಂದೆ ಎರಡು ಕೆಲಸಗಳಿವೆ. ಯಕ್ಷಗಾನ ಅಧ್ಯಯನವು ವೇಷಭೂಷಣ, ತಾಳ, ಹೆಜ್ಜೆಗಳ ದಾಖಲಾತಿಯಲ್ಲಿ ಬಹಳಷ್ಟು ಸಾಧಿಸಿದೆ. ಕೋಟದವರೇ ಆದ ಶಿವರಾಮ ಕಾರಂತರ 'ಯಕ್ಷಗಾನ ಬಯಲಾಟ' 1959ರಲ್ಲಿಯೇ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದಿತ್ತು. ಅದರೊಡನೆ ಸ್ತ್ರೀವೇಷವನ್ನು ಕುರಿತು ಪ್ರೇಕ್ಷಕರು ಆಡಿದ ಮಾತುಗಳನ್ನು, ಹೊಗಳಿಕೆಯನ್ನೂ ಕುಚೋದ್ಯವನ್ನೂ, ಹಿರಿಯರ ನೆನಪು ಮಾಸುವ ಮುನ್ನ ಸಂಗ್ರಹಿಸಬೇಕಾಗಿದೆ. ಎರಡನೆಯದಾಗಿ, 'ಬದುಕು ಬಯಲು'ವಿನಂತಹ ಕೃತಿಗಳನ್ನು ಗ್ರಂಥಾಲಯಗಳು ಸಾಮಾಜಿಕ ಸಮಸ್ಯೆಗಳ ಕಪಾಟಿನಲ್ಲಿಡದೆ ಆತ್ಮಕಥೆಗಳ ಸಾಲಿನಲ್ಲಿ ಇರಿಸುವುದು ಉಚಿತ. ಕುಂದಾಪುರದಲ್ಲಿಯೋ ಬೈಂದೂರಿನಲ್ಲಿಯೋ ಆಟದ ಸ್ತ್ರೀವೇಷವನ್ನು ನೋಡುತ್ತ ತನ್ನನ್ನೇ ಅದರಲ್ಲಿ ಕಂಡುಕೊಂಡ ಎಳೆಯ ಓದುಗರೊಬ್ಬರು ಆ ಪುಸ್ತಕವನ್ನು ಹುಡುಕಿಕೊಂಡು ಬಂದರೆ, ಅದು ಅವರಿಗೆ ಒಂದು ಸಮಸ್ಯೆಯಾಗಿ ಸಿಗದೆ ಒಂದು ಜೀವನಚರಿತ್ರೆಯಾಗಿ ಸಿಗಬೇಕು.