ಐದನೆಯ ಗಾಡಿ

ದಾಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು, ಊರ್ಡಿಗೆರೆ ಹಾದು ದೇವರಾಯನದುರ್ಗಕ್ಕೆ ಹೋಗುವ ದಾರಿ ಬೆಂಗಳೂರಿನ ಬೈಕ್ ಸವಾರರಿಗೆ ಹಳೆಯ ಪರಿಚಯ. ನಾನು ಮೊದಲು ಅಲ್ಲಿ ಹೋದದ್ದು ಅಪ್ಪನ ಯೆಜ್ಡಿಯಲ್ಲಿ, ಏಳು ಗಾಡಿಗಳ ಸಾಲಿನಲ್ಲಿ ಐದನೆಯವನಾಗಿ.

ಯೆಜ್ಡಿ ನಮ್ಮ ಮೈಸೂರಿನದು. ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು ಇಲ್ಲಿ ತಯಾರಿಸತೊಡಗಿತು. 1973ರಿಂದ ಅವಕ್ಕೆ ಯೆಜ್ಡಿ ಎಂದು ಹೆಸರಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಕಿಕ್ಕಿಗೂ ಗೇರಿಗೂ ಒಂದೇ ಲಿವರ್ ಇದ್ದ ಆ ಗಾಡಿ ಕೆಟ್ಟ ರಸ್ತೆಗೆಂದೇ ಹುಟ್ಟಿದ್ದು ಎಂದು ಹೊಗಳುವವರಿದ್ದಾರೆ. ಅವರು ಬಿದ್ದಿರಲಿಕ್ಕಿಲ್ಲ. ಜುಲೈ ತಿಂಗಳ ಎರಡನೆಯ ಭಾನುವಾರ ಈ ಹಳೆಯ ಗಾಡಿಗಳು ಇಂದಿಗೂ ಗುಂಪಾಗಿ ಸೇರುತ್ತವೆ. ಜುಲೈ ಎಂದರೆ ಮಳೆ. ಡಾಂಬರಿನ ಬಿರುಕಿಗಿಳಿದ ನೀರು ಕೆಳಗಿನ ಜಲ್ಲಿಯನ್ನು ಸಡಿಲಿಸುತ್ತದೆ. ಮೇಲೆ ಲಾರಿ ಹಾದರೆ ಗುಂಡಿ. ನೀರು ತುಂಬಿದ ಗುಂಡಿಯ ಆಳ ಯಾರಿಗೂ ತಿಳಿಯದು.

ಸಾಲಿನಲ್ಲಿ ಹೋಗುವಾಗ ಮುಂದಿನವನಿಗೆ ಕಂಡದ್ದು ಹಿಂದಿನವನಿಗೆ ಕಾಣುವುದಿಲ್ಲ. ಅದಕ್ಕೇ ಗುಂಡಿಯಿರುವ ಕಡೆಗೆ ಕಾಲು ಚಾಚಿ ತೋರಿಸುವ ರೂಢಿ. ಅಂದು ನಾಲ್ಕನೆಯವನು ಕಾಲು ಚಾಚಿದ. ನಾನು ಗಾಡಿ ಹೊರಳಿಸಿ ಪಾರಾದೆ. ಕಾಲು ಚಾಚಲು ಮರೆತೆ. ಆರನೆಯವನು ನನ್ನ ಗೆಳೆಯ. ಅವನ ಕೊರಳಮೂಳೆ ಮುರಿಯಿತು.

2013ರಿಂದ 2017ರವರೆಗೆ ರಸ್ತೆಗುಂಡಿಗಳಿಂದ ದೇಶದಲ್ಲಿ 14,926 ಜನ ಸತ್ತರೆಂಬ ಲೆಕ್ಕ 2018ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. 2019ರ ಮೋಟಾರು ವಾಹನ ತಿದ್ದುಪಡಿ, ಕಳಪೆ ರಸ್ತೆಯಿಂದ ಸಾವು ಅಥವಾ ಅಂಗವೈಕಲ್ಯವಾದರೆ ಹೊಣೆಗಾರರಿಗೆ 1 ಲಕ್ಷ ರೂಪಾಯಿಯವರೆಗೆ ದಂಡ ಎಂದಿತು. ನನ್ನ ಕಾಲಿನ ಲೆಕ್ಕ ಯಾವ ಕಾನೂನಿನಲ್ಲೂ ಇಲ್ಲ.

ಗೆಳೆಯ ಗಾಡಿ ಮಾರಿದ. ಆ ಗುಂಡಿಗೆ ಈಗ ತೇಪೆ ಬಿದ್ದಿದೆ. ಮಾರು ದೂರದಲ್ಲಿ ಇನ್ನೊಂದು ಬಾಯಿ ತೆರೆದಿದೆ.